ಲಗಮವ್ವ ತೆಗೆದ ಏಳು ಅರಸರು

ಧರೆಪ್ಪನ ಕಾದಂಬರಿಯನ್ನು ಲಗಮವ್ವ ಮೊದಲ ಸಲ ಕೇಳಿದಾಗ ಒಂದನೆಯ ಪುಟ ಮುಗಿಯುತ್ತಲೇ ಹದಿನಾರನೆಯ ಪುಟ ಬಂತು. ಅದರ ಬೆನ್ನಿಗೆ ಹದಿಮೂರು, ಆಮೇಲೆ ನಾಲ್ಕು. ಚಿಕ್ಕೋಡಿಯ ಭೂಪಾಲನ ಮುದ್ರಣಾಲಯದಲ್ಲಿ ಅಚ್ಚಾಗಿ ಬರುವ ದೊಡ್ಡ ಹಾಳೆಯ ಮೇಲೆ ಪುಟಗಳು ಹಾಗೆಯೇ ಇರುತ್ತಿದ್ದವು. ಹಾಳೆಯನ್ನು ಮೂರು ಸಲ ಮಡಿಚಿದ ಮೇಲೆ ಮಾತ್ರ ಅವು ತಮ್ಮ ತಮ್ಮ ಸರತಿಗೆ ಬಂದು ನಿಲ್ಲುತ್ತಿದ್ದವು. ಮಡಿಚುವ ಕೆಲಸ ಇಬ್ಬರು ಹೆಂಗಸರದು: ಲಗಮವ್ವ ಮತ್ತು ಅವಳಿಗಿಂತ ಹತ್ತು ವರ್ಷ ಹಿರಿಯಳಾದ ಕಸ್ತೂರೆವ್ವ. ಇಬ್ಬರಲ್ಲಿ ಓದು ಬರುತ್ತಿದ್ದುದು ಕಸ್ತೂರೆವ್ವನಿಗೆ. ಮಸಿ ಆರಲೆಂದು ಹರಡಿದ ಹಾಳೆಯ ಮುಂದೆ ಕುಳಿತು ಅವಳು ಕಣ್ಣಿಗೆ ಬಿದ್ದ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದಳು. ಮೇಲಿನ ಸಾಲಿನ ಪುಟಗಳು ತಲೆಕೆಳಗಾಗಿರುತ್ತಿದ್ದುದರಿಂದ ಅವುಗಳಿಗಾಗಿ ಎದ್ದು ಹಾಳೆಯ ಆಚೆ ಬದಿಗೆ ಹೋಗಿ ಕೂಡುತ್ತಿದ್ದಳು. ಹೀಗಾಗಿ ಅರಸನೊಬ್ಬ ಬೆಳಿಗ್ಗೆ ಸತ್ತು ಮಧ್ಯಾಹ್ನ ಹುಟ್ಟುತ್ತಿದ್ದ. ಲಗಮವ್ವ ಹಾಳೆ ಮಡಿಚುತ್ತ ಮಡಿಚುತ್ತ ಅವನ ಬದುಕನ್ನೂ ತಲೆಯೊಳಗೆ ಮಡಿಚಿ ಸರಿಯಾದ ಕ್ರಮಕ್ಕೆ ತರುತ್ತಿದ್ದಳು.

ಅವಳು ಏಕಸಂಬಿಯ ಹತ್ತಿರದ ಕುರಿಗಾರರ ಮನೆಯ ಮಗಳು. ಹದಿನಾರರ ವಯಸ್ಸಿಗೆ ಚಿಕ್ಕೋಡಿಯ ಅಂಚಿನ ಓಣಿಗೆ ಸೊಸೆಯಾಗಿ ಬಂದಳು. ಗಂಡ ಕಾಡಸಿದ್ದ ವರ್ಷದ ಎಂಟು ತಿಂಗಳು ಕುರಿಹಿಂಡಿನ ಹಿಂದೆ ಅಥಣಿಯ ಕಡೆ, ಕೃಷ್ಣೆಯ ದಂಡೆಯ ಮೇಲೆ ಇರುತ್ತಿದ್ದ. ಮಾವ ಜಕ್ಕಪ್ಪನೂ ಮೊದಲು ಹಿಂಡಿನೊಂದಿಗೆ ಹೋಗುತ್ತಿದ್ದವನೇ. ಒಂದು ಮಳೆಗಾಲ ಜಾರಿ ಬಿದ್ದು ಎಡಗಾಲು ಮುರಿದುಕೊಂಡ ಮೇಲೆ ಮನೆಯಲ್ಲಿ ಉಳಿದ. ಮನೆಗೆ ಇನ್ನೊಂದು ದುಡಿಮೆ ಬೇಕಾಯಿತು. ೧೯೮೧ರಲ್ಲಿ ಲಗಮವ್ವ ಮುದ್ರಣಾಲಯದ ನೆಲದ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತಳು. ಲಗ್ನಪತ್ರಿಕೆ, ಕೋರ್ಟಿನ ಫಾರ್ಮುಗಳು, ಸೊಸೈಟಿಯ ವರದಿಗಳು ಅವಳ ಕೈಯಲ್ಲಿ ಮಡಿಕೆಯಾದವು. ಮರುವರ್ಷ ‘ಏಳು ಕಣಿವೆ’ ಬಂತು.

‘ಏಳು ಕಣಿವೆ’ಯನ್ನು ಬರೆದ ಧರೆಪ್ಪ ಕೋರ್ಟಿನ ಆವರಣದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಟೈಪು ಮಾಡಿಕೊಡುವವನು. ಹಗಲೆಲ್ಲ ಜಮೀನಿನ ಚಕ್ಕುಬಂದಿ ಬೆರಳಚ್ಚಿಸುತ್ತಿದ್ದ ಮನುಷ್ಯ ತನ್ನ ಬಿಡುವಿನಲ್ಲಿ ಭೂಮಿಯ ಮೇಲೆ ಎಲ್ಲಿಯೂ ಇಲ್ಲದ ಒಂದು ನಾಡನ್ನು ಕಟ್ಟಿದ್ದ. ಒಬ್ಬಳೇ ತಾಯಿಗೆ ಹುಟ್ಟಿದ ಏಳು ಅಣ್ಣತಮ್ಮಂದಿರು ಅಲ್ಲಿ ಏಳು ಕಣಿವೆಗಳನ್ನು ಆಳುತ್ತಾರೆ. ಬೆಟ್ಟದ ತುದಿಯಲ್ಲಿ ಮಲಗಿದ ಕಲ್ಲಿನ ಟಗರುಗಳು ಆಪತ್ತಿನ ಕಾಲಕ್ಕೆ ಎದ್ದು ಬರುತ್ತವೆ. ಬೂದಿರಾಣಿ ಎಂಬ ಮಾಟಗಾತಿ ಊದಿದ ಕಡೆಯಲ್ಲೆಲ್ಲ ಬೆಳೆ, ಮನೆ, ಮನುಷ್ಯರು ಬೂದಿಯಾಗುತ್ತಾರೆ. ಐದು ವರ್ಷದಲ್ಲಿ ಐದು ಸಂಪುಟಗಳು ಬಂದವು. ರಾಯಬಾಗದ, ನಿಪ್ಪಾಣಿಯ, ಕಾಗವಾಡದ ವಾಚನಾಲಯಗಳಲ್ಲಿ ಅವುಗಳ ರಟ್ಟು ಕಿತ್ತುಹೋಗುವಷ್ಟು ಓದು ನಡೆಯಿತು.

೧೯೮೮ರ ಶ್ರಾವಣದಲ್ಲಿ ಭೂಪಾಲನ ತಲೆಗೆ ಹೊಸ ಹುರುಪು ಹೊಕ್ಕಿತು. ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಮಕ್ಕಳು ಮರಾಠಿ ಮತ್ತು ಹಿಂದಿಯ ಚಿತ್ರಕಥೆಗಳನ್ನು ಮುಗಿಬಿದ್ದು ಕೊಳ್ಳುತ್ತಿದ್ದುದನ್ನು ಅವನು ನಿಂತು ನೋಡಿ ಬಂದಿದ್ದ. ‘ಏಳು ಕಣಿವೆ’ಯನ್ನು ಚಿತ್ರಗಳಲ್ಲಿ ತರುವುದು, ಐದೂ ಸಂಪುಟಗಳನ್ನು ಹಾಗೆಯೇ ತರುವುದು ಎಂದು ನಿಶ್ಚಯಿಸಿಬಿಟ್ಟ. ಕೊಲ್ಲಾಪುರದಲ್ಲಿ ಸಿನೆಮಾ ಬೋರ್ಡು ಬರೆಯುವ ಜ್ಞಾನದೇವ ಎಂಬ ಹೆಸರಾಂತ ಪೇಂಟರನಿಗೆ ಮಾತು ಹೇಳಿಕಳಿಸಿದ. ಚಿತ್ರಗಳಿಗೆ ತಕ್ಕಂತೆ ಕತೆಯನ್ನು ತುಂಡು ಮಾಡಿಕೊಡುವ ಕೆಲಸವನ್ನು ಧರೆಪ್ಪನಿಗೆ ಒಪ್ಪಿಸಿದ.

ಧರೆಪ್ಪನಿಂದ ಅದು ಆಗಲಿಲ್ಲ. ತನ್ನ ಒಂದು ವಾಕ್ಯವನ್ನು ಬಿಡುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಂತೆ. ಎಂಟು ದಿನ ಕುಳಿತು ಅವನು ತಂದ ಮೊದಲ ಪುಟದಲ್ಲಿ ಮಾತಿನ ಗುಳ್ಳೆಗಳೇ ತುಂಬಿ ಅರಸನು ನಿಲ್ಲಲು ಜಾಗ ಉಳಿದಿರಲಿಲ್ಲ.

“ಮಾತು ತುಂಬಿದ ಪುಸ್ತಕ ಆಗಲೇ ಐದ ಅದಾವಲ್ಲೋ ಮಾರಾಯಾ,” ಎಂದ ಭೂಪಾಲ. “ಅವನ್ನ ನಾನ ಅಚ್ಚ ಹಾಕೇನಿ. ಈಗ ನಿನ್ನ ಬಾಯಿ ಮುಚ್ಚಿಸಿ ಕತಿ ಹೇಳೋದು ಹೆಂಗ, ಅದನ್ನ ಹೇಳು.”

ಧರೆಪ್ಪ ಮುಖ ಊದಿಸಿಕೊಂಡು ಕುಳಿತ. ಆಗ ನೆಲದ ಮೇಲಿಂದ ಕಸ್ತೂರೆವ್ವ ಬಾಯಿ ಹಾಕಿದಳು.

“ಮಾಲಕರ, ನೀವು ಹುಡುಕಾಕತ್ತದ್ದು ಈ ತಟ್ಟಿನ ಕೆಳಗ ಐತ್ರಿ.”

ಲಗಮವ್ವ ಬೇಡ ಬೇಡ ಎಂದು ಕೈ ಹಿಡಿದರೂ ಬಿಡದೆ ಅವಳು ಗೋಣಿತಟ್ಟಿನ ತುದಿ ಎತ್ತಿ ಒಂದು ಕಂತೆಯನ್ನು ಹೊರಗೆಳೆದಳು. ಮಸಿ ಹೆಚ್ಚು ಕಡಿಮೆಯಾಗಿ ಕೆಟ್ಟ ರದ್ದಿ ಹಾಳೆಗಳು ಅವು. ಆರು ವರ್ಷಗಳಿಂದ ಲಗಮವ್ವ ಅವುಗಳ ಖಾಲಿ ಬೆನ್ನನ್ನು ಮೂರು ಸಲ ಮಡಿಚಿ, ಬಿಡಿಸಿ, ಮೂಡಿದ ಎಂಟು ಚೌಕಗಳಲ್ಲಿ ನೀಲಿ ಪೆನ್ಸಿಲಿನಿಂದ ಕತೆಯನ್ನು ತೆಗೆಯುತ್ತ ಬಂದಿದ್ದಳು. ಒಂದು ಚೌಕಕ್ಕೆ ಒಂದೇ ಸಂಗತಿ. ಕೇಳಿದ್ದು ಉಲ್ಟಾಪಲ್ಟಾ ಕ್ರಮದಲ್ಲಾದ್ದರಿಂದ ಮರೆಯದಿರಲೆಂದು ಹಾಗೆ ಕೂಡಿಟ್ಟಿದ್ದಳು. ಅದನ್ನು ಯಾರಾದರೂ ಚಿತ್ರವೆಂದು ಕರೆದಾರು ಎಂಬ ಎಣಿಕೆ ಅವಳಿಗೆ ಇರಲಿಲ್ಲ. ಮಾಲಕರ ಕಾಗದ ಕೆಡಿಸಿದ್ದಕ್ಕೆ ಇಂದು ತನ್ನ ಕೆಲಸ ಹೋಯಿತು ಎಂದು ಅವಳು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ಭೂಪಾಲ ಕುರ್ಚಿ ಬಿಟ್ಟು ನೆಲಕ್ಕೆ ಕುಳಿತ. ಒಂದೊಂದೇ ಹಾಳೆಯನ್ನು ಬಿಡಿಸುತ್ತ ಹೋದ. ಕಲ್ಲಿನ ಟಗರುಗಳು ಏಳುವ ಪ್ರಸಂಗಕ್ಕೆ ಧರೆಪ್ಪ ಒಂಬತ್ತು ಪುಟ ವರ್ಣನೆ ಬರೆದಿದ್ದ. ಇಲ್ಲಿ ಅದು ನಾಲ್ಕೇ ಚೌಕ. ಮುಚ್ಚಿದ ಕಲ್ಲಿನ ಕಣ್ಣು, ಪಾಚಿಗಟ್ಟಿದ ಕೊಂಬು, ಕೊಂಬಿನ ಸುರುಳಿಯೊಳಗೆ ಗೂಡು ಕಟ್ಟಿದ್ದ ಹಕ್ಕಿಯೊಂದು ದಡಬಡಿಸಿ ಹಾರುವುದು, ತೆರೆದ ಕಣ್ಣು.

“ಹಕ್ಕಿ ನಾ ಬರದಿಲ್ಲ,” ಎಂದ ಧರೆಪ್ಪ.

ಲಗಮವ್ವ ನೆಲ ನೋಡುತ್ತಲೇ ಉತ್ತರ ಕೊಟ್ಟಳು. “ಕಲ್ಲು ಎದ್ದದ್ದು ಹಕ್ಕಿಗೆ ಮೊದಲ ತಿಳೀತೈತ್ರಿ, ಸಾಹೇಬ್ರ.”

ಭೂಪಾಲ ಎದ್ದು ನಿಂತು ಕೋಣೆಯ ಉದ್ದಗಲ ಎರಡು ಸಲ ತಿರುಗಿದ. ಜ್ಞಾನದೇವನಿಗೆ ಮಾತು ಕೊಟ್ಟಾಗಿತ್ತು. ಕೊಟ್ಟ ಮಾತನ್ನು ನುಂಗುವ ಮನುಷ್ಯ ಅವನಲ್ಲ. ಕಡೆಗೆ ಒಂದು ತೀರ್ಮಾನಕ್ಕೆ ಬಂದ. ಮೊದಲ ಸಂಪುಟದ ಅತ್ಯಂತ ಕಠಿಣ ಅಧ್ಯಾಯವನ್ನು ಇಬ್ಬರೂ ಹದಿನಾರು ಪುಟಗಳಲ್ಲಿ ತೆಗೆದು ತರಬೇಕು. ಹನ್ನೆರಡು ದಿನದ ಗಡುವು. ಮಾತಿನ ಗುಳ್ಳೆಗಳಿಲ್ಲದೆ, ಯಾರೂ ಬಾಯಿಬಿಟ್ಟು ವಿವರಿಸದೆ ಯಾರ ಚಿತ್ರಗಳು ತಿಳಿಯುತ್ತವೆಯೋ ಐದೂ ಪುಸ್ತಕಗಳು ಅವರವು. ಲಗಮವ್ವ ಸೋತರೆ ಅವಳ ಪಾಲಿಗೆ ಹಳೆಯ ಕೆಲಸ ಇದ್ದೇ ಇತ್ತು: ಜ್ಞಾನದೇವ ತೆಗೆದ ಕಣಿವೆಗಳನ್ನು, ಜ್ಞಾನದೇವ ತೆಗೆದ ಟಗರುಗಳನ್ನು ಹಾಳೆ ಹಾಳೆಯಾಗಿ ಮಡಿಚುವುದು. ಆರು ವರ್ಷ ಆ ನಾಡಿನಲ್ಲಿ ತಿರುಗಿದವಳು ಅವಳು. ಬೇರೊಬ್ಬರು ಅದನ್ನು ತೆಗೆಯುವುದನ್ನು ಸಹಿಸುವ ಶಕ್ತಿ ತನಗಿಲ್ಲವೆಂಬುದು ಅವಳಿಗೆ ಆ ಗಳಿಗೆಯಲ್ಲಿ ಗೊತ್ತಾಯಿತು.

ಆ ಕಠಿಣ ಅಧ್ಯಾಯ ಕಿರೀಟಗಳು ಅದಲುಬದಲಾಗುವ ಅಧ್ಯಾಯ. ಬೂದಿರಾಣಿ ಅರಸರನ್ನು ಗುರುತಿಸುವುದು ಅವರ ಕಿರೀಟಗಳಿಂದ. ಆದ್ದರಿಂದ ಏಳು ಅಣ್ಣತಮ್ಮಂದಿರು ತಮ್ಮ ಕಿರೀಟ, ನಿಲುವಂಗಿ, ಕತ್ತಿ ಎಲ್ಲವನ್ನೂ ಬದಲಿಸಿಕೊಂಡು ಅವಳ ಕೋಟೆಗೆ ಹೋಗುತ್ತಾರೆ. ಅವರಲ್ಲಿ ಒಬ್ಬ ದ್ರೋಹಿ. ಬರೆಯುವವನಿಗೆ ಇದು ಸುಲಭ. ‘ಮೂರನೆಯವನು ಹೇಳಿದನು’ ಎಂದರೆ ಮುಗಿಯಿತು. ಚಿತ್ರ ತೆಗೆಯುವವರಿಗೆ ಆ ಸೌಕರ್ಯವಿಲ್ಲ.

ಭೂಪಾಲ ಒಳ್ಳೆಯ ದಪ್ಪ ಕಾಗದ, ಕಪ್ಪು ಶಾಯಿ, ಶಾಯಿಯಲ್ಲಿ ಅದ್ದಿ ಬರೆಯುವ ಎರಡು ಟಾಕು ಕೊಡಿಸಿದ. ಮೊದಲ ದಿನ ಟಾಕಿನ ತುದಿ ಕಾಗದಕ್ಕೆ ಚುಚ್ಚಿ ಶಾಯಿ ಸಿಡಿಯಿತು. ಎರಡನೆಯ ದಿನ ಅದು ಕೈಗೆ ಹತ್ತಿತು. ಮೂರನೆಯ ದಿನದಿಂದ ಲಗಮವ್ವ ಊಟದ ಬಿಡುವಿನಲ್ಲಿ ಉಣ್ಣುವುದನ್ನೇ ಮರೆತಳು. ಕಸ್ತೂರೆವ್ವ ರೊಟ್ಟಿಗೆ ಶೇಂಗಾ ಹಿಂಡಿ ಸವರಿ ಸುರುಳಿ ಮಾಡಿ ಅವಳ ಎಡಗೈಗೆ ಕೊಡುತ್ತಿದ್ದಳು. ಅವಳ ಬಲಗೈ ಕೋಟೆಯ ಬಾಗಿಲು ಕಟ್ಟುತ್ತಿತ್ತು.

ಐದನೆಯ ದಿನಕ್ಕೆ ಎಂಟು ಪುಟಗಳಾದವು. ಧರೆಪ್ಪ ನೋಡಲು ಬಂದ. ಕೋಟೆ ನೋಡಿ ತಲೆದೂಗಿದ, ಸುಟ್ಟ ಹೊಲ ನೋಡಿ ನಾಲಗೆ ಲೊಚಗುಟ್ಟಿದ. ಏಳು ಅರಸರು ಸಾಲಾಗಿ ನಿಂತ ಪುಟಕ್ಕೆ ಬಂದಾಗ ಅವನ ಹುಬ್ಬು ಗಂಟಿಕ್ಕಿತು.

“ಇದೇನಿದು? ಏಳೂ ಮಂದಿಗೆ ಒಂದ ಮಾರಿ ಐತಲ್ಲಾ. ಅಚ್ಚಿನ ಮೊಳಿ ಒತ್ತಿಧಂಗ.”

ನಿಜವೇ. ಏಳು ಮುಖಗಳು ಏಳು ಮೊಟ್ಟೆಗಳಂತೆ ಒಂದೇ ತೆರನಾಗಿದ್ದವು: ಎರಡು ಕಣ್ಣು, ಒಂದು ಮೂಗು, ಮೀಸೆ. ಲಗಮವ್ವನಿಗೆ ಅದು ಈತನಕ ಕಂಡೇ ಇರಲಿಲ್ಲ. ಅವಳ ಮಟ್ಟಿಗೆ ಪ್ರತಿಯೊಬ್ಬನೂ ಬೇರೆಯೇ ಆಗಿದ್ದ. ಇವನು ಹಿರಿಯ, ಇವನು ಸಿಟ್ಟಿನವನು, ಇವನು ದ್ರೋಹಿ ಎಂದು ತಡವರಿಸದೆ ಬೆರಳಿಟ್ಟು ತೋರಿಸಿದಳು. ಯಾವುದರಿಂದ ತಿಳಿಯುತ್ತದೆ ಎಂದು ಧರೆಪ್ಪ ಗದರಿದ. ಅವಳು ಮತ್ತೆ ಅದೇ ಮೂವರ ಮೇಲೆ ಬೆರಳಿಟ್ಟಳು.

ಕಸ್ತೂರೆವ್ವ ಹಾಳೆಯ ಮೇಲೆ ಬಾಗಿದವಳು ತಟ್ಟನೆ ನಕ್ಕಳು. “ಮಾಲಕರ, ಬರ್ರಿ ಇಲ್ಲಿ. ಈ ಎರಡನೇ ಅರಸ ನೀವ ಅದೀರಿ.”

“ನಾನ?”

“ಕಾಲ ನೋಡ್ರಿ.”

ಭೂಪಾಲ ನೋಡಿದ. ಎರಡನೆಯ ಅರಸನ ಬಲಗಾಲಿನ ಹೆಬ್ಬೆರಳು ಪಕ್ಕದ ಬೆರಳಿನಿಂದ ಮುನಿಸಿಕೊಂಡಂತೆ ದೂರ ಸರಿದಿತ್ತು. ಅದರ ಉಗುರು ಅಡ್ಡಡ್ಡ ಸೀಳಿತ್ತು. ಭೂಪಾಲ ತನ್ನ ಕಾಲನ್ನು ನೋಡಿದ, ಚಿತ್ರವನ್ನು ನೋಡಿದ, ಮತ್ತೆ ಕಾಲನ್ನು ನೋಡಿ ಚಪ್ಪಲಿಯೊಳಗೆ ಬೆರಳು ಮಡಿಚಿಕೊಂಡ. ಆಮೇಲೆ ಎಲ್ಲರೂ ಅರಸರ ಪಾದಗಳನ್ನೇ ಓದಿದರು. ಒಂದು ಧರೆಪ್ಪನದು, ಸಪಾಟು, ಹಿಮ್ಮಡಿ ಒಡೆದದ್ದು. ಒಂದು ಮೊಳೆ ಜೋಡಿಸುವ ಬಾಹುಬಲಿಯದು. ಒಂದು ಅಂಚೆಯವನದು. ಏಳು ಜೊತೆ ಪಾದಗಳು, ಏಳು ಮಂದಿ ಜೀವಂತ ಗಂಡಸರು. ಮೇಲೆ ಮಾತ್ರ ಏಳು ಮೊಟ್ಟೆಗಳು.

ನಗು ನಿಂತ ಮೇಲೆ ಭೂಪಾಲ ಮೆಲ್ಲಗೆ ಕೇಳಿದ, ಕಾಲು ಇಷ್ಟು ಚೆಂದ ಬಂದಾವು, ಮಾರಿ ಯಾಕ ಬರಲಿಲ್ಲ ಎಂದು.

“ನಾ ಗಂಡಸರ ಮಾರಿ ನೋಡಿಲ್ರಿ,” ಎಂದಳು ಲಗಮವ್ವ.

ಅದು ನಾಚಿಕೆಯ ಮಾತಾಗಿರಲಿಲ್ಲ, ಲೆಕ್ಕದ ಮಾತು. ಹಿರಿಯ ಗಂಡಸರ ಮುಂದೆ ಸೊಸೆ ತಲೆ ಎತ್ತಬಾರದು ಎಂದು ತವರಿನಲ್ಲಿ ಕಲಿಸಿ ಕಳಿಸಿದ್ದರು. ಹದಿನಾಲ್ಕು ವರ್ಷ ಅವಳು ಮನೆಯಲ್ಲಿ ಸೆರಗಿನ ಕೆಳಗಿಂದ ನೆಲ ನೋಡಿದ್ದಳು. ಮುದ್ರಣಾಲಯದಲ್ಲಿ ಅವಳು ಕೂಡುತ್ತಿದ್ದುದೂ ನೆಲದ ಮೇಲೆಯೇ. ಅವಳ ಕಣ್ಣಿನ ಮಟ್ಟದಲ್ಲಿ ದಿನವಿಡೀ ಹಾದುಹೋಗುತ್ತಿದ್ದುದು ಪಾದಗಳು. ಯಾರು ಬಂದರು, ಯಾರು ಸಿಟ್ಟಿನಲ್ಲಿದ್ದಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂಬುದೆಲ್ಲ ಅವಳಿಗೆ ಹೆಬ್ಬೆರಳಿನಿಂದ ತಿಳಿಯುತ್ತಿತ್ತು. ಲೋಕವೆಲ್ಲ ಹಾಗೆಯೇ ತಿಳಿದುಕೊಳ್ಳುತ್ತದೆ ಎಂದು ಅವಳು ನಂಬಿದ್ದಳು.

ಭೂಪಾಲ ನಿಷ್ಠುರದ ಮಾತನ್ನೇ ಆಡಿದ. ಓದುವವರು ಕುರ್ಚಿಯ ಮೇಲೆ ಕೂಡುವ ಮಂದಿ, ಅವರು ಮುಖ ನೋಡುತ್ತಾರೆ. ಏಳು ದಿನ ಉಳಿದಿವೆ. ಮುಖಗಳು ಬಂದರೆ ಬಂತು, ಇಲ್ಲದಿದ್ದರೆ ಕೊಲ್ಲಾಪುರ.

ಅಂದು ಲಗಮವ್ವ ಮನೆಗೆ ಬಂದಾಗ ಹೊತ್ತು ಇನ್ನೂ ಮುಳುಗಿರಲಿಲ್ಲ. ಸುದ್ದಿ ಅವಳಿಗಿಂತ ಮುಂಚೆಯೇ ಬಂದು ಅಂಗಳದಲ್ಲಿ ಕುಳಿತಿತ್ತು; ಕಸ್ತೂರೆವ್ವನ ಮನೆ ಅದೇ ಓಣಿಯಲ್ಲಿತ್ತು. ಜಕ್ಕಪ್ಪ ಹೊರಸಿನ ಮೇಲೆ ಕುಳಿತು ಕಂಬಳಿಯ ದಾರ ಬಿಗಿಯುತ್ತಿದ್ದ. ಸೊಸೆ ಬಾಗಿಲ ಮರೆಗೆ ಸರಿಯುತ್ತಿದ್ದಂತೆ ಕರೆದ.

“ಲಗಮವ್ವಾ, ಆ ಕಾಗದ ತುಗೊಂಡ ಬಾ. ಇಲ್ಲಿ ಕೂಡು, ನನ್ನ ಮುಂದ.”

ಅವಳು ಬಂದು ಕುಳಿತಳು. ಅವಳ ಕಣ್ಣು ಪಳಗಿದ ಎತ್ತಿನಂತೆ ತಾನಾಗಿಯೇ ಮಾವನ ಪಾದಗಳಿಗೆ ಹೋಯಿತು.

“ಮ್ಯಾಲ ನೋಡು.”

ಅವಳಿಂದ ಆಗಲಿಲ್ಲ. ಕತ್ತಿನ ಹಿಂದೆ ಯಾರೋ ಕೈಯಿಟ್ಟು ಅಮುಕಿ ಹಿಡಿದಂತಿತ್ತು. ಮುದುಕ ಕಂಬಳಿಯನ್ನು ಪಕ್ಕಕ್ಕಿಟ್ಟ. ಆಮೇಲೆ ಸಂತೆಯಲ್ಲಿ ಕುರಿ ಚೌಕಾಶಿ ಮಾಡುವ ದನಿಯಲ್ಲಿ ಕೇಳಿದ, “ಯವ್ವಾ, ನಿಮ್ಮಪ್ಪನ ಹಟ್ಟ್ಯಾಗ ಟಗರ ಆರಿಸುವಾಗ ಎದರಿಂದ ಆರಿಸ್ತಿದ್ದಿ?”

“ಮಾರಿ ನೋಡಿ,” ಎಂದಳು ಅವಳು.

“ಮತ್ತ ನಾ ಟಗರಕಿಂತ ಕಡಿಮಿ ಏನು? ನೋಡು.”

ಲಗಮವ್ವನಿಗೆ ನಗು ಬಂತು. ನಗು ಬಂದ ಗಳಿಗೆಯಲ್ಲಿ ತಲೆ ಮೇಲೆದ್ದಿತು. ಹದಿನಾಲ್ಕು ವರ್ಷ ಒಂದೇ ಸೂರಿನಡಿ ಇದ್ದ ಮನುಷ್ಯನನ್ನು ಅವಳು ಮೊದಲ ಸಲ ಕಂಡಳು. ಅವನ ಎಡ ಹುಬ್ಬಿನ ನಡುವೆ ಕೂದಲಿಲ್ಲದ ಒಂದು ಗೀರು ಇತ್ತು. ಕಣ್ಣುಗಳು ಕಪ್ಪಲ್ಲ, ಬೆಲ್ಲದ ಬಣ್ಣ. ಗದ್ದದ ಮೇಲೆ ಚಿಕ್ಕ ಕುಳಿ, ಅದು ಗಂಡ ಕಾಡಸಿದ್ದನಿಗೂ ಇತ್ತು. ಅದು ಎಲ್ಲಿಂದ ಬಂತೆಂದು ಅವಳಿಗೆ ಇಂದು ತಿಳಿಯಿತು. ಮುರಿದ ಕಾಲಿನ ಕಡೆಗೆ ಭಾರ ಬೀಳದಿರಲೆಂದು ಅವನ ಬಲಹೆಗಲು ಸದಾ ಕೆಳಗಿಳಿದಿತ್ತು. ಅವಳ ಟಾಕು ತಾನಾಗಿ ಓಡಿತು. ಶಾಯಿ ಆರುವ ಮೊದಲೇ ಮುದುಕ ಕಾಗದ ಕಸಿದುಕೊಂಡು ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಇಷ್ಟು ಮುದುಕ ಆಗೇನೇನು ನಾ?” ಎಂದ. ಮರುಕ್ಷಣ ಕೋಲು ಹಿಡಿದು ಎದ್ದ. “ತಡಿ. ಅರಸರು ಏಳು ಮಂದಿ ಅಂದಿ ಅಲ್ಲಾ?”

ಅವನು ಓಣಿಯ ಕಟ್ಟೆಯಿಂದ ಆರು ಮಂದಿಯನ್ನು ಹಿಡಿದು ತಂದ. ಕುರಿಗಾರ ಸತ್ತೆಪ್ಪ, ಅವನ ಇಬ್ಬರು ತಮ್ಮಂದಿರು, ಗಾಣದ ಮುದುಕ, ತಂಬಾಕಿನ ವಖಾರಿಗೆ ಹೋಗುವ ನಿಪ್ಪಾಣಿಯ ಅಳಿಯ, ಮತ್ತು ಏನು ನಡೆದಿದೆ ಎಂದು ನೋಡಲು ತಾನಾಗಿ ಬಂದ ಒಬ್ಬ. ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ಕೂಡಿಸಿದ. ಹೀಗೆ ಒಬ್ಬ ಸೊಸೆ ಏಳು ಮಂದಿ ಹಿರಿಯರನ್ನು ಕಣ್ಣಿಟ್ಟು ನೋಡುವುದು ಓಣಿಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಆದ್ದರಿಂದ ಮೊದಲಿಗೆ ನಾಚಿಕೊಂಡವರು ಗಂಡಸರೇ. ಒಬ್ಬ ಮೀಸೆ ತೀಡಿದ, ಒಬ್ಬ ರುಮಾಲು ಸರಿಪಡಿಸಿದ. ಸತ್ತೆಪ್ಪ ಉಸಿರು ಬಿಗಿಹಿಡಿದು ಎದೆ ಉಬ್ಬಿಸಿಕೊಂಡು ಕುಳಿತ.

“ಉಸರ ಬಿಡಲೇ, ಸತ್ತ ಗಿತ್ತೀ,” ಎಂದ ಜಕ್ಕಪ್ಪ. “ಅರಸ ಆಗಾಕ ಕರದೇವಿ, ಕುಸ್ತಿಗಲ್ಲ.”

“ನನಗ ಯಾವ ಕಣಿವಿ ಕೊಡ್ತಿ ಅದನ್ನ ಮೊದಲ ಹೇಳು,” ಎಂದ ಸತ್ತೆಪ್ಪ. “ನೀರಿಂದು ಇರಬೇಕು.”

ದ್ರೋಹಿ ಯಾರಾಗಬೇಕು ಎಂಬುದಕ್ಕೆ ಸಣ್ಣ ಜಗಳವೇ ಆಯಿತು. ಎಲ್ಲರೂ ಸೇರಿ ಅದನ್ನು ಅಳಿಯನ ತಲೆಗೆ ಕಟ್ಟಿದರು, ಅವನು ಪರವೂರಿನವನು ಎಂಬ ಒಂದೇ ಕಾರಣಕ್ಕೆ. ಲಗಮವ್ವನಿಗೆ ಇದು ಯಾವುದೂ ಕೇಳಿಸಲಿಲ್ಲ. ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹೋಗುವಾಗ ಅವಳಿಗೆ ಬೆಟ್ಟ ಹತ್ತಿ ಇಳಿದ ಸಂಭ್ರಮ. ಇಷ್ಟೊಂದು ಇದೆಯಲ್ಲ, ಇಷ್ಟೊಂದು ಇಲ್ಲಿಯೇ ಇತ್ತಲ್ಲ ಎಂದು ಅವಳ ಒಳಗು ಕುಣಿಯುತ್ತಿತ್ತು. ಏಳು ಸಂಜೆ ಆ ದರ್ಬಾರು ನಡೆಯಿತು. ಮೂರನೆಯ ಸಂಜೆಯಿಂದ ಸುಮ್ಮನೆ ಕೂಡಿಸದೆ ನಡೆಸಿದಳು, ಬಗ್ಗಿಸಿದಳು, ಬೆನ್ನು ತಿರುಗಿಸಿ ನಿಲ್ಲಿಸಿದಳು. ಹೇಳಿದ ಮಾತು ಕೇಳದ ಹಿರಿಯರನ್ನು, ನೆತ್ತಿಯ ಮೇಲಿನ ಸೆರಗು ಜಾರದಂತೆ ಹಿಡಿದುಕೊಂಡೇ, ಗದರಿಸಿದಳು. ಹಳೆಯ ಎಂಟು ಪುಟಗಳನ್ನು ಮೂಲೆಗೆ ಎಸೆದು ಹದಿನಾರನ್ನೂ ಹೊಸದಾಗಿ ತೆಗೆದಳು.

ಗಡುವಿನ ದಿನ ಜ್ಞಾನದೇವ ಕೊಲ್ಲಾಪುರದ ಬಸ್ಸಿನಿಂದ ಇಳಿದು ಬಂದ. ಐವತ್ತು ದಾಟಿದ, ಬೆರಳುಗಳಲ್ಲಿ ಬಣ್ಣ ಇಂಗಿದ, ಮೆಲ್ಲಗೆ ಮಾತಾಡುವ ಮನುಷ್ಯ. ಅವನ ಪುಟಗಳನ್ನು ಹಾಸಿದಾಗ ಕೋಣೆಗೆ ದೀಪ ಹಚ್ಚಿದಂತಾಯಿತು. ಏಳು ಕಿರೀಟಗಳಿಗೆ ಏಳು ಬಣ್ಣ; ಬೂದಿರಾಣಿಯ ಕೋಟೆಯ ಮೇಲೆ ನೇರಳೆ ಆಕಾಶ. ಕಸ್ತೂರೆವ್ವ ಕೂಡ ಬಾಯಿ ತೆರೆದು ನಿಂತಳು. ಲಗಮವ್ವ ತನ್ನ ಹಾಳೆಗಳ ಗಂಟನ್ನು ನೋಡಿದಳು. ತನ್ನದು ಬರೀ ಕಪ್ಪು ಗೆರೆ. ಈ ಬಣ್ಣಗಳ ಪಕ್ಕದಲ್ಲಿ ಅದನ್ನು ಬಿಚ್ಚುವುದು ಹಬ್ಬದ ಊಟದ ಪಕ್ಕದಲ್ಲಿ ತಂಗಳು ಗಂಟು ಬಿಚ್ಚಿದಂತೆ ಎನಿಸಿತು. ಆದರೂ ಬಿಚ್ಚಿದಳು.

ಭೂಪಾಲ ಪರೀಕ್ಷೆಯನ್ನು ಸರಳಗೊಳಿಸಿದ. ಜ್ಞಾನದೇವನ ಹತ್ತನೆಯ ಪುಟದಲ್ಲಿ, ಕಿರೀಟಗಳು ಬದಲಾದ ಮೇಲೆ, ನಾಲ್ಕನೆಯ ತಮ್ಮ ಯಾರೆಂದು ಕಸ್ತೂರೆವ್ವನನ್ನು ಕೇಳಿದ. ಅವಳು ಹಸಿರು ಕಿರೀಟದವನನ್ನು ತೋರಿಸಿದಳು. ಅದು ಬೇರೆಯವನು. ಧರೆಪ್ಪನನ್ನು ಕೇಳಿದ, ಬರೆದವನೇ ತಪ್ಪಿದ. ಕಡೆಗೆ ಜ್ಞಾನದೇವನೇ ಬಗ್ಗಿ ನೋಡಿ, ಜೇಬಿನಿಂದ ಚೀಟಿ ತೆಗೆದು ಗುರುತು ಹಾಕಿಕೊಂಡಿದ್ದನ್ನು ಓದಬೇಕಾಯಿತು. ಅವನು ಮುಚ್ಚುಮರೆಯಿಲ್ಲದೆ ನಕ್ಕ. ತಾನು ಕಿರೀಟಗಳನ್ನು ಚೆನ್ನಾಗಿ ತೆಗೆದಿದ್ದೇನೆ, ಅರಸರನ್ನಲ್ಲ ಎಂದ.

ಬಳಿಕ ಲಗಮವ್ವನ ಪುಟಗಳು ಅವನ ಕೈಗೆ ಹೋದವು. ಅವನು ಕನ್ನಡ ಓದಲಾರ. ಕಾದಂಬರಿಯಿಂದ ಅವನಿಗೆ ಗೊತ್ತಿದ್ದುದು ಭೂಪಾಲ ಹೇಳಿಕಳಿಸಿದ ಸಾರಾಂಶ ಮಾತ್ರ. ಯಾವ ಕಿರೀಟ ಯಾರ ತಲೆಗೆ ಹೋಯಿತೆಂಬುದನ್ನು ಅವಳು ತನ್ನ ಲೆಕ್ಕದಂತೆ ಬದಲಿಸಿದ್ದಳಾದ್ದರಿಂದ ಆ ಚೀಟಿ ಇಲ್ಲಿ ನಡೆಯುವಂತಿರಲಿಲ್ಲ. ಅವನು ಮರಾಠಿಯಲ್ಲಿ ಕತೆ ಹೇಳುತ್ತ ಹೋದ. ಗಡಿಯ ಊರಿನಲ್ಲಿ ಅದು ತಿಳಿಯದವರು ಯಾರು? ಇವನು ತನ್ನ ಕಿರೀಟ ತಮ್ಮನಿಗೆ ಕೊಟ್ಟ. ಇವನಿಗೆ ಹೆದರಿಕೆಯಾಗಿದೆ, ತೋರಿಸಿಕೊಳ್ಳುವುದಿಲ್ಲ. ಇವನೇ ದ್ರೋಹಿ, ನಗು ಕಣ್ಣಿನ ತನಕ ಹೋಗಿಲ್ಲ.

ಹದಿನಾಲ್ಕನೆಯ ಪುಟದಲ್ಲಿ ಅವನ ಬೆರಳು ನಿಂತಿತು. ಅಲ್ಲಿ ಒಬ್ಬ ಅರಸ ಬೆನ್ನು ತಿರುಗಿಸಿ ಉರಿಯುವ ಬಾಗಿಲಿನೊಳಗೆ ಒಬ್ಬನೇ ನಡೆಯುತ್ತಿದ್ದ. ಮುಖವಿಲ್ಲ, ಮೈತುಂಬ ಪರರ ನಿಲುವಂಗಿ. ಬಾಹುಬಲಿ ಯಂತ್ರ ನಿಲ್ಲಿಸಿ ಬಂದು ನಿಂತಿದ್ದ. ಜ್ಞಾನದೇವ ಹಾಳೆಯನ್ನು ಬೆಳಕಿಗೆ ಹಿಡಿದ.

“ಹಾ ಥೋರಲಾ,” ಎಂದ. ಇವನು ಹಿರಿಯಣ್ಣ. ಕೆಳಗಿಳಿದ ಬಲಹೆಗಲ ಮೇಲೆ ಅವನು ಬೆರಳು ಒತ್ತಿದ. “ತಮ್ಮನ ಬದಲಿಗೆ ತಾನೇ ಸಾಯಲು ಹೊರಟಿದ್ದಾನೆ,” ಎಂದೂ ಮರಾಠಿಯಲ್ಲೇ ಸೇರಿಸಿದ. ಹಾಳೆಯನ್ನು ಜೋಪಾನವಾಗಿ ಕೆಳಗಿಟ್ಟು ಭೂಪಾಲನ ಕಡೆ ತಿರುಗಿ, ಈ ಕೆಲಸ ಈ ಹೆಣ್ಣುಮಗಳದೇ, ನನಗೆ ಮುಖಪುಟದ ಬಣ್ಣ ಹಚ್ಚಲು ಕರೆದರೆ ಬರುತ್ತೇನೆ ಎಂದ.

ಆದರೂ ಭೂಪಾಲ ಧರೆಪ್ಪನ ಮುಖ ನೋಡಿದ. ನಾಡು ಕಟ್ಟಿದವನು ಅವನು. ಅವನು ಬೇಡವೆಂದರೆ ಬೇಡ. ಧರೆಪ್ಪ ಹದಿನಾಲ್ಕನೆಯ ಪುಟವನ್ನು ತನ್ನ ಕಡೆ ಎಳೆದುಕೊಂಡ. ಆ ಪ್ರಸಂಗಕ್ಕೆ ಅವನು ಹನ್ನೊಂದು ಪುಟ ವಿಲಾಪ ಬರೆದಿದ್ದ. ಇಲ್ಲಿ ಒಂದು ಹೆಗಲು ಇತ್ತು.

“ಐದ ವರ್ಷ ಇವರ ಜೋಡಿ ಇದ್ದೆ,” ಎಂದ ಅವನು. “ಏಳೂ ಮಂದಿನ್ನ ನಾ ನೋಡಿದ್ದು ಇವತ್ತ. ಎಲ್ಲಿ ನನ್ನ ಮಾತು ಬೇಡ ಅನಸ್ತೈತಿ, ತಗದ ಹಾಕವ್ವಾ. ನಾ ಕೇಳಂಗಿಲ್ಲ.”

ಹೀಗೆ ಐದೂ ಪುಸ್ತಕಗಳು ಲಗಮವ್ವನವಾದವು. ಅವಳು ಅಳಲಿಲ್ಲ, ಕೈ ಮುಗಿಯಲಿಲ್ಲ. ಅದು ಯಾರೂ ದಾನವಾಗಿ ಕೊಟ್ಟದ್ದಾಗಿರಲಿಲ್ಲ. ಅವಳು ಆಗಲೇ ಮುಂದಿನ ಅಧ್ಯಾಯದಲ್ಲಿದ್ದಳು. ಹೊಸ ಹಾಳೆಯೊಂದನ್ನು ತೊಡೆಯ ಮೇಲೆ ಎಳೆದುಕೊಂಡು ತಲೆ ಎತ್ತಿ, ನೇರವಾಗಿ ಧರೆಪ್ಪನ ಮುಖ ನೋಡಿ ಕೇಳಿದಳು.

“ಸಾಹೇಬ್ರ, ಬೂದಿರಾಣಿ ಮಾರಿ ಹೆಂಗ ಐತ್ರಿ? ಐದೂ ಪುಸ್ತಕದಾಗ ನೀವು ಬರದ ಇಲ್ಲ.”

ಧರೆಪ್ಪ ಬಾಯಿ ತೆರೆದ. ಅವಳ ಕೂದಲು, ಅವಳ ಹೊಗೆಯಂಥ ಸೀರೆ, ಅವಳ ಉಸಿರು, ಎಲ್ಲವನ್ನೂ ಬರೆದಿದ್ದ. ಮುಖ ಬರೆದಿರಲಿಲ್ಲ.

“ನನಗೂ ಗೊತ್ತಿಲ್ಲವಾ,” ಎಂದು ಒಪ್ಪಿಕೊಂಡ.

ಲಗಮವ್ವ ಕೋಣೆಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದಳು. ಅವಳ ನೋಟ ಒಂದು ಕಡೆ ನಿಂತಿತು.

“ಕಸ್ತೂರಕ್ಕಾ, ಸ್ವಲ್ಪ ಬೆಳಕಿನ ಕಡಿ ತಿರಗು.”

“ನಾ ಬೂದಿರಾಣಿನ?” ಎಂದಳು ಕಸ್ತೂರೆವ್ವ. “ಹತ್ತ ದಿನ ರೊಟ್ಟಿ ತಿನಿಸಿದ್ದಕ್ಕ ಇದೇನ ಬೇ?” ಎಂದು ಬೈದುಕೊಳ್ಳುತ್ತಲೇ ತಿರುಗಿ, ಗದ್ದ ಎತ್ತಿ, ಒಂದು ಹುಬ್ಬನ್ನು ಏರಿಸಿ ಕುಳಿತಳು. ಅಷ್ಟು ಹೊತ್ತು ಅವಳು ಅಲುಗಾಡದೆ ಕುಳಿತದ್ದನ್ನು ಆ ಮುದ್ರಣಾಲಯ ಹಿಂದೆಂದೂ ಕಂಡಿರಲಿಲ್ಲ.

ಮೊದಲ ಚಿತ್ರಪುಸ್ತಕ ೧೯೮೯ರ ಯುಗಾದಿಗೆ ಹೊರಬಂತು, ಐದನೆಯದು ೧೯೯೪ರಲ್ಲಿ. ಮಾತಿನ ಗುಳ್ಳೆಗಳಲ್ಲಿ ಬಾಹುಬಲಿ ಅಕ್ಷರ ಬರೆಯುವುದನ್ನು ನೋಡುತ್ತ ಲಗಮವ್ವ ಓದು ಕಲಿತಳು. ಮೂರನೆಯ ಪುಸ್ತಕದಿಂದ ಗುಳ್ಳೆಗಳನ್ನೂ ತಾನೇ ತುಂಬಿದಳು, ಧರೆಪ್ಪನ ಮಾತಿನಲ್ಲಿ ಮುಕ್ಕಾಲು ಪಾಲನ್ನು ಬಿಟ್ಟು. ಎರಡನೆಯ ಪುಸ್ತಕ ಬಂದ ಬೇಸಿಗೆಯಲ್ಲಿ ಕಸ್ತೂರೆವ್ವ ನೆಂಟರ ಲಗ್ನಕ್ಕೆಂದು ಅಥಣಿಗೆ ಹೋಗಿದ್ದಳು. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬ ಹುಡುಗಿ ಪುಸ್ತಕ ಬಿಚ್ಚಿಕೊಂಡು ಕು‍ಳಿತಿದ್ದಳು. ಪುಟ ತಿರುವುವಾಗ ತಲೆ ಎತ್ತಿದವಳು ಎದುರಿಗೆ ನಿಂತ ಹೆಂಗಸನ್ನು ನೋಡಿದಳು, ಪುಸ್ತಕವನ್ನು ನೋಡಿದಳು, ಚೀರಿ ಅವ್ವನ ಬೆನ್ನ ಹಿಂದೆ ಅಡಗಿದಳು. ಕಸ್ತೂರೆವ್ವ ಅಡಿಕೆ ಚೀಲವನ್ನು ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ಹತ್ತಿರ ಬಗ್ಗಿ, ಆ ಹುಡುಗಿಯ ಕಡೆಗೆ ತುಟಿ ದುಂಡಗೆ ಮಾಡಿ ಮೆಲ್ಲಗೆ ಉಫ್ ಎಂದು ಊದಿದಳು.